ಹಮಾಲ ಹಾಕಿದ ಐಪಿ

ಒಂಬತ್ತನೆಯ ಕಂತು

"ಕೈ ಚಾಚ್ರಿ," ಎಂದೆ.

ಹನುಮಂತ್ರಾಯ ಬಲಗೈ ಚಾಚಿದ. ಮೇಜಿನ ಕೆಳಗಿಟ್ಟಿದ್ದ ಚೀಲದಿಂದ ಒಂದು ಹಿಡಿ ಭತ್ತ ತೆಗೆದು ಅವನ ಅಂಗೈಗೆ ಸುರಿದೆ. ಹೊಸ ಸೋನಾ ಮಸೂರಿ, ಅವತ್ತು ಬೆಳಿಗ್ಗೆಯಷ್ಟೇ ಮಾನ್ವಿಯಿಂದ ತರಿಸಿದ್ದು.

"ಇದನ್ನ ಎಷ್ಟಕ್ಕ ಹಿಡೀತೀರಿ?"

ತಿಂಗಳ ಹಿಂದೆ ಈ ಮನುಷ್ಯ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಿದ್ದ. ನಮ್ಮ ಕಡೆ ಅದಕ್ಕೆ ಐಪಿ ಹಾಕುವುದು ಅನ್ನುತ್ತಾರೆ. ತಾನು ಮಾನ್ವಿಯ ಭತ್ತದ ವ್ಯಾಪಾರಿ, ಮಾನ್ವಿ ಮತ್ತು ದೇವದುರ್ಗದ ನೂರ ನಲವತ್ತು ಮನೆಗಳ ಭತ್ತ ಕೊಂಡು ಮುಳುಗಿಹೋದೆ, ಅವರಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂದು ಪ್ರಮಾಣ ಮಾಡಿದ್ದ. ಅವನು ದಿವಾಳಿ ಅನ್ನಿಸಿಕೊಳ್ಳಲು ಅರ್ಹನೇ ಎಂದು ಪತ್ತೆ ಮಾಡಿ ವರದಿ ಕೊಡಬೇಕಾದವಳು ನಾನು, ವಕೀಲೆ ನಾಗವೇಣಿ. ನ್ಯಾಯಾಲಯ ನನ್ನನ್ನು ರಿಸೀವರ್ ಮಾಡಿ ಹನ್ನೊಂದು ದಿನವಾಗಿತ್ತು. ವರದಿ ಸೋಮವಾರ ಕೊಡಬೇಕು. ಅವತ್ತು ಶುಕ್ರವಾರ.

ಆ ಹನ್ನೊಂದು ದಿನದಲ್ಲಿ ನಾನು ಕಾಗದಕ್ಕಿಂತ ಹೆಚ್ಚಾಗಿ ಕೈಗಳನ್ನು ನೋಡಿದ್ದೆ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಕಟ್ಟೆಯ ಮೇಲೆ ಕೂತು ನೋಡಿದ್ದೆ, ಮಾನ್ವಿಯಲ್ಲಿ ತಕ್ಕಡಿಯ ಪಕ್ಕ ನಿಂತು ನೋಡಿದ್ದೆ. ಭತ್ತ ಅಂಗೈಗೆ ಬಿದ್ದರೆ ಸಾಕು, ವ್ಯಾಪಾರಿಯ ಇನ್ನೊಂದು ಅಂಗೈ ತಾನಾಗಿಯೇ ಅದರ ಮೇಲೆ ಬರುತ್ತದೆ. ಉಜ್ಜುತ್ತಾನೆ, ಹೊಟ್ಟು ಊದುತ್ತಾನೆ, ಒಂದು ಕಾಳನ್ನು ಹಲ್ಲಿನಡಿ ಕಡಿದು ಹಸಿಯೋ ಒಣಗಿದ್ದೋ ನೋಡುತ್ತಾನೆ. ಅಲ್ಲಿಯವರೆಗೆ ಅವನ ಬಾಯಿಂದ ದರ ಹೊರಡುವುದಿಲ್ಲ. ಮಗಳ ಮದುವೆಯಲ್ಲಿ ಅಕ್ಷತೆ ಕೊಟ್ಟರೂ ಉಜ್ಜಿ ನೋಡುವ ಜನ ಅವರು.

ಹನುಮಂತ್ರಾಯ ಉಜ್ಜಲಿಲ್ಲ. ಎಡಗೈಯಿಂದ ಹೆಗಲ ಮೇಲಿನ ಟವೆಲ್ಲಿನ ತುದಿ ಎಳೆದುಕೊಂಡ. ಕಾಳನ್ನು ಅದರೊಳಗೆ ಸುರಿದು, ಒಂದು ಕಾಳೂ ಚೆಲ್ಲದಂತೆ ಸುತ್ತಿ, ಗಂಟು ಹಾಕಿ, ಗಂಟನ್ನು ಹಿಂದಕ್ಕೆ ಬಿಟ್ಟ.

ಚೀಲ ಇಳಿಸಿ ಮುಗಿದ ಮೇಲೆ ರೈತ ಪ್ರತಿ ಹಮಾಲನ ಕೈಗೂ ಒಂದು ಹಿಡಿ ಕಾಳು ಹಾಕುವುದು ಇಲ್ಲಿಯ ಪದ್ಧತಿ. ಕೂಲಿ ಬೇರೆ, ಹಿಡಿ ಬೇರೆ. ವ್ಯಾಪಾರಿಯ ಕೈಗೆ ಯಾರೂ ಹಿಡಿ ಹಾಕುವುದಿಲ್ಲ, ಹಾಕಿದರೂ ಅವನು ಅದನ್ನು ಮನೆಗೆ ಕಟ್ಟಿಕೊಂಡು ಹೋಗುವುದಿಲ್ಲ.

ಗಂಟನ್ನು ಹಿಂದಕ್ಕೆ ಬಿಟ್ಟ ಕೈ ಅಲ್ಲೇ ನಿಂತಿತು. ತಾನು ಏನು ಮಾಡಿದೆ ಎನ್ನುವುದು ಅವನಿಗೂ ಗೊತ್ತಾಗಿತ್ತು. ಐವತ್ತೆರಡು ವರ್ಷದ ಆ ಮನುಷ್ಯ, ಕುತ್ತಿಗೆಯ ಹಿಂದೆ ಚೀಲ ಹೊತ್ತು ಹೊತ್ತು ಜಡ್ಡುಗಟ್ಟಿದ ಮನುಷ್ಯ, ನನ್ನ ಮೇಜಿನ ಕಾಲನ್ನು ನೋಡುತ್ತ ಕೂತ.

"ಯಣ್ಣಾ, ನೀವು ಎಷ್ಟು ವರ್ಷದಿಂದ ಹಮಾಲಿ ಮಾಡಾಕತ್ತೀರಿ?"

"ನಾನು ವ್ಯಾಪಾರಿ ಅದೀನ್ರೀ," ಎಂದ. "ವ್ಯಾಪಾರದಾಗ ಲುಕ್ಸಾನಾತು. ಕೊಡಾಕ ಏನೂ ಇಲ್ಲ. ಅದಕ್ಕ ಐಪಿ ಹಾಕೀನಿ."

ಇದೇ ನಾಲ್ಕು ಮಾತನ್ನು ಅವನು ಐದನೆಯ ಸಲ ಹೇಳುತ್ತಿದ್ದ. ಯಾರೋ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದರು. ನನಗೆ ಸಿಟ್ಟು ಬಂತು. ಹೇಳಿದವನ ಮೇಲಲ್ಲ, ಕಲಿಸಿದವನ ಮೇಲೆ.

ಎದುರಿಗೆ ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಿದ್ದೂ ಅವನನ್ನು ಮನೆಗೆ ಕಳಿಸಿದೆ. ದಿವಾಳಿಯೆಂದು ಒಮ್ಮೆ ಆದೇಶವಾದರೆ ನೂರ ನಲವತ್ತು ಮನೆಗಳ ಶಾಪ ಅವನ ಹೆಸರಿಗೆ ಸಾಯುವವರೆಗೂ ಅಂಟಿಕೊಳ್ಳುತ್ತದೆ. ತಿಂದವನು ಬೇರೆ, ಹೊತ್ತವನು ಇವನು. ಇದನ್ನು ತಪ್ಪಿಸಲು ನನಗೆ ಎರಡು ದಿನ ಉಳಿದಿತ್ತು.

ತಿಂದವನು ಯಾರೆಂದು ನನಗೆ ನನ್ನ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಬಸವಂತಮ್ಮ ಮೊದಲ ದಿನವೇ ಹೇಳಿದ್ದಳು. ದೇವದುರ್ಗ ತಾಲ್ಲೂಕಿನ ಗೂಗಲ್‌ನವಳು, ಹೊಳೆಯ ದಂಡೆಯಲ್ಲಿ ಗಂಡನಿಲ್ಲದೆ ಆರು ಎಕರೆ ಭತ್ತ ಬೆಳೆದವಳು. ಅವಳ ಕಣದಿಂದ ಭತ್ತ ಎತ್ತಿದ್ದು ಮಾನ್ವಿಯ ಶಿವರಾಜನ ರೈಸ್ ಮಿಲ್ಲಿನ ಲಾರಿ. ದರ ಮಾತಾಡಿದ್ದು ಶಿವರಾಜ. ಅಲ್ಲಮಪ್ರಭುವಿನ ಗುಡಿಯ ಮುಂದೆ ನಿಂತು, ಹಣೆಗೆ ವಿಭೂತಿ ಹಚ್ಚಿಕೊಂಡು, ಹದಿನೈದು ದಿನದಲ್ಲಿ ರೊಕ್ಕ ಎಂದವನೂ ಅವನೇ. ಹನುಮಂತ್ರಾಯನನ್ನು ಅವಳು ಕಂಡದ್ದು ಒಮ್ಮೆ ಮಾತ್ರ. ಅವಳ ಚೀಲಗಳನ್ನು ಲಾರಿಗೆ ಹೊತ್ತವನು ಅವನು. ಅವನ ಕೈಗೆ ಅವಳೇ ಒಂದು ಹಿಡಿ ಕಾಳು ಹಾಕಿದ್ದಳು.

ಚೀಟಿಯಲ್ಲಿ ಮಾತ್ರ ಖರೀದಿದಾರನ ಹೆಸರು ಹನುಮಂತ್ರಾಯ. ಅವಳಿಗೆ ಓದಲು ಬರುತ್ತಿರಲಿಲ್ಲ.

ಅವನು ಖರೀದಿದಾರನಾದದ್ದು ಹೇಗೆ ಎನ್ನುವುದನ್ನು ಮಾನ್ವಿಯ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕ ಹಾಕಿದ ಸತ್ತಾರ್ ಸಾಬ್ ಬಿಡಿಸಿ ಹೇಳಿದ್ದರು. ಹಮಾಲಿ ಮಾಡಲೂ ಲೈಸೆನ್ಸ್ ಬೇಕು, ವ್ಯಾಪಾರ ಮಾಡಲೂ ಲೈಸೆನ್ಸ್ ಬೇಕು. ವರ್ಷ ವರ್ಷ ಹಮಾಲರು ತಮ್ಮ ಆಧಾರ್, ಎರಡು ಫೋಟೊ ಮಿಲ್ಲಿನ ಆಫೀಸಿಗೆ ಕೊಟ್ಟು ಬೆರಳು ಒತ್ತಿ ಬರುತ್ತಾರೆ. ಮಿಲ್ಲಿನವರೇ ಕಾರ್ಡ್ ಮಾಡಿಸಿ ತಂದುಕೊಡುತ್ತಾರೆ. ಯಾವ ಅರ್ಜಿಗೆ ಬೆರಳು ಒತ್ತಿದೆವು ಎಂದು ಯಾವ ಹಮಾಲನೂ ಕೇಳುವುದಿಲ್ಲ, ಯಾಕೆಂದರೆ ಅವರಪ್ಪಂದಿರೂ ಕೇಳಿರಲಿಲ್ಲ.

"ಖರೀದಿ ಚೀಟಿ ಮ್ಯಾಲಿನ ಹೆಸರೂ ಅವಂದೇ, ಅದೇ ದಿನ ಚೀಲ ಹೊತ್ತ ಕೂಲಿ ತಗೊಂಡವನೂ ಅವನೇ," ಎಂದಿದ್ದರು ಸತ್ತಾರ್ ಸಾಬ್. "ತನ್ನ ಮಾಲು ತಾನೇ ಹೊತ್ತು ಕೂಲಿ ತಗೊಳ್ಳೋ ಸೇಠ್‌ನ ನಾನಂತೂ ನೋಡಿಲ್ಲ ಬೇಟಿ."

ಇಷ್ಟು ಕೈಯಲ್ಲಿಟ್ಟುಕೊಂಡು ಅವತ್ತು ಮಧ್ಯಾಹ್ನವೇ ನಾನು ಮಾನ್ವಿಗೆ ಹೋದೆ.

*

ಶಿವರಾಜನ ಮಿಲ್ಲು ಊರ ಹೊರಗೆ ಇದೆ. ಯಂತ್ರ ಓಡುತ್ತಿತ್ತು, ಅಂಗಳದಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ವ್ಯಾಪಾರಿಯೊಬ್ಬ ಮುಳುಗಿ ನೂರ ನಲವತ್ತು ಮನೆ ಬಾಯಿಗೆ ಮಣ್ಣು ಬಿದ್ದ ಊರಿನಲ್ಲಿ ಆ ಮಿಲ್ಲಿನ ಒಂದು ಚಕ್ರವೂ ನಿಂತಿರಲಿಲ್ಲ.

ಶಿವರಾಜ ಎದ್ದು ನಿಂತು ಬರಮಾಡಿಕೊಂಡ. ನಲವತ್ತೈದರ ಆಸುಪಾಸು, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಮಾತಿಗೆ ಮುಂಚೆ ನಗು. ಮಿರ್ಚಿ ಒಗ್ಗರಣಿ ತರಿಸಿದ, ಚಹಾ ತರಿಸಿದ. ಅವನ ಚಹಾ ಸ್ಟೀಲ್ ಲೋಟದಲ್ಲಿ ಬಂತು. ಅವನ ಪಕ್ಕ ಕೂತಿದ್ದ ಗುಮಾಸ್ತನದೂ ಸ್ಟೀಲ್ ಲೋಟದಲ್ಲೇ ಬಂತು. ನನ್ನದು ಕಾಗದದ ಕಪ್ಪಿನಲ್ಲಿ ಬಂತು.

ನಮ್ಮ ಕೇರಿಯಲ್ಲಿ ವಕೀಲಿ ಓದಿದವಳು ನಾನೇ ಮೊದಲು. ಆ ಕಪ್ಪನ್ನು ಹದಿನಾರು ವರ್ಷದಿಂದ ನೋಡುತ್ತ ಬಂದಿದ್ದೇನೆ. ಇನ್ನೂ ಅಭ್ಯಾಸವಾಗಿಲ್ಲ, ಆಗುವುದೂ ಬೇಡ. ಅದನ್ನು ಮುಟ್ಟದೆ ಮೇಜಿನ ನಡುವೆ ಸರಿಸಿಟ್ಟೆ.

"ಹನುಮಂತ್ರಾಯ ನಿಮ್ಮ ಮಿಲ್ಲಿನ ಹಮಾಲ," ಎಂದೆ. "ವ್ಯಾಪಾರಿ ನೀವು. ನೂರ ನಲವತ್ತು ಮನಿ ನೆಲ್ಲು ಇಳದದ್ದು ಈ ಅಂಗಳದಾಗ."

ಅವನು ನಗುತ್ತಲೇ ಇದ್ದ. "ಹಮಾಲ ಇದ್ದ, ಹೌದು ತಂಗಿ. ಆಮ್ಯಾಲ ಲೈಸೆನ್ಸ್ ತಗೊಂಡು ವ್ಯಾಪಾರ ಮಾಡಿದ. ಮಂದಿ ಮ್ಯಾಲ ಬರಬಾರದೇನು? ನಿಮ್ಮಂಥವರು ವಕೀಲರಾಗಿಲ್ಲೇನು?"

"ತಂಗಿ ಅನಬ್ಯಾಡ್ರಿ."

"ಆತ್ರೀ ವಕೀಲಮ್ಮಾರ."

ಗುಮಾಸ್ತ ತಲೆ ತಗ್ಗಿಸಿ ನಕ್ಕ. ಹಿಡಿ ಭತ್ತದ ವಿಷಯ ಹೇಳಿದೆ, ಹನುಮಂತ್ರಾಯ ಗಂಟು ಕಟ್ಟಿದ್ದನ್ನು ಹೇಳಿದೆ. ಒಂದೇ ದಿನ ಅವನು ಭತ್ತ ಕೊಂಡವನೂ ಹೊತ್ತವನೂ ಆದದ್ದನ್ನು ಹೇಳಿದೆ. ಇಷ್ಟನ್ನೂ ಸೋಮವಾರದ ವರದಿಯಲ್ಲಿ ಬರೆಯುತ್ತೇನೆ, ಅವನು ಬರೀ ಮುಖವಾಡ ಎಂದು ತೋರಿಸುತ್ತೇನೆ ಎಂದೆ.

ಶಿವರಾಜ ಚಹಾ ಮುಗಿಸಿ ಲೋಟ ಕೆಳಗಿಟ್ಟ. ಈಗ ನಗು ಇರಲಿಲ್ಲ.

"ಬರೀರಿ," ಎಂದ. "ಅವ ವ್ಯಾಪಾರಿ ಅಲ್ಲ ಅಂತ ಬರೀರಿ. ಆಗ ಕೋರ್ಟಿಗೆ ಸುಳ್ಳು ಪ್ರಮಾಣ ಮಾಡಿದವ ಯಾರಾದ? ಜೈಲಿಗೆ ಯಾರು ಹೋಗ್ತಾರ? ವ್ಯಾಪಾರಿ ಹೌದು ಅಂತ ಬರೀರಿ, ಐಪಿ ಪಾಸಾಗ್ತದ, ಅವ ಆರಾಮ ಮನ್ಯಾಗ ಕುಂದುರ್ತಾನ. ಎರಡರಾಗ ಯಾವುದರ ಬರೀರಿ. ನನ್ನ ಸಹಿ ಎಲ್ಲಿ ಅದ ತೋರಸ್ರಿ."



ಆ ಕುರ್ಚಿಯಿಂದ ಎದ್ದದ್ದು, ಬಾಗಿಲು ದಾಟಿದ್ದು ನನಗೆ ಸರಿಯಾಗಿ ನೆನಪಿಲ್ಲ. ಅವನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದಾಗಿತ್ತು. ಹನ್ನೊಂದು ದಿನ ಅಲೆದು ನಾನು ಹುಡುಕಿ ತೆಗೆದ ಸತ್ಯ ಹನುಮಂತ್ರಾಯನನ್ನೇ ಜೈಲಿಗೆ ಹಾಕುವಂಥದ್ದು. ಆ ವಿಭೂತಿಯ ಮನುಷ್ಯ ಇದನ್ನು ಅರ್ಜಿ ಹಾಕಿಸುವ ಮೊದಲೇ ಲೆಕ್ಕ ಹಾಕಿ ಕೂತಿದ್ದ. ನಾನು ದಡ್ಡಿಯ ಹಾಗೆ ಅವನ ಬಾಯಿಂದ ಕೇಳಿ ತಿಳಿದುಕೊಂಡೆ.

ಅಂಗಳದಲ್ಲಿ ಟ್ರ್ಯಾಕ್ಟರೊಂದು ಆಗಷ್ಟೇ ಖಾಲಿಯಾಗಿತ್ತು. ಅದರ ರೈತ ಚೀಟಿ ಹಿಡಿದು ನಿಂತಿದ್ದ. ಯಾರಿಗೆ ಮಾರಿದಿರಿ ಎಂದು ಕೇಳಿದೆ. ಸಾಹುಕಾರ್ರಿಗೆ ಎಂದ. ಚೀಟಿ ಕೊಡಿ ಎಂದು ಇಸಿದುಕೊಂಡು ನೋಡಿದೆ.

ಇವತ್ತಿನ ತಾರೀಖು. ಖರೀದಿದಾರರ ಜಾಗದಲ್ಲಿ ಮೂಕಮ್ಮ, ಗಂಡ ಹನುಮಂತ್ರಾಯ, ಸಾಕಿನ್ ಹಿರೇಕೊಟ್ನೆಕಲ್ ಎಂದು ಅಚ್ಚಾಗಿತ್ತು.

ಒಬ್ಬನನ್ನು ಮುಳುಗಿಸಿ ಇನ್ನೂ ವರದಿ ಬಂದಿಲ್ಲ, ಆಗಲೇ ಅವನ ಹೆಂಡತಿಯ ಹೆಸರಿನಲ್ಲಿ ಶಿವರಾಜ ಅಂಗಡಿ ತೆರೆದಿದ್ದ. ಮುಂದಿನ ವರ್ಷ ಅವಳದೂ ಒಂದು ಐಪಿ. ಚೀಟಿಯ ಫೋಟೊ ಹೊಡೆದುಕೊಂಡು ರೈತನಿಗೆ ಹಿಂದಿರುಗಿಸಿದೆ. ಆಫೀಸಿನ ಬಾಗಿಲಲ್ಲಿ ಗುಮಾಸ್ತ ನಿಂತು ನೋಡುತ್ತಿದ್ದ.

*

ಹಿರೇಕೊಟ್ನೆಕಲ್ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಹನುಮಂತ್ರಾಯ ಬಸ್ಸಿನಲ್ಲಿ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಅವನ ಹೆಂಡತಿ ಮೂಕಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೆಸರಿಗೆ ಮೂಕಮ್ಮ, ಆದರೆ ನಾನು ಹೊಸ್ತಿಲು ದಾಟುವ ಮೊದಲೇ ಬರ್ರಿ ಕುಂಡ್ರಿ ಎಂದು ನಾಲ್ಕು ಮಾತಾಡಿ, ನೀರು ಕೊಟ್ಟು, ಮತ್ತೆ ಹಿಟ್ಟಿಗೆ ಕೈ ಹಾಕಿದ್ದಳು.

ನಾನು ಗಂಡನ ಜೊತೆ ಮಾತಾಡಲಿಲ್ಲ. ನೇರವಾಗಿ ಅವಳನ್ನೇ ಕೇಳಿದೆ, ಮಿಲ್ಲಿನ ಆಫೀಸಿನಲ್ಲಿ ಎಂದಾದರೂ ಬೆರಳು ಒತ್ತಿದ್ದೀರಾ ಎಂದು.

ಒತ್ತಿದ್ದಳು. ನಾಲ್ಕು ತಿಂಗಳ ಹಿಂದೆ. ಹಮಾಲರ ಹೆಂಡಿರಿಗೂ ದವಾಖಾನೆಯ ಕಾರ್ಡ್ ಮಾಡಿಸುತ್ತೇನೆ ಎಂದು ಸಾಹುಕಾರ್ರು ಕರೆಸಿದ್ದರಂತೆ. ಬಟ್ಟೆ ಬದಲಿಸಿ, ತಲೆಗೆ ಎಣ್ಣೆ ಹಚ್ಚಿ, ಫೋಟೊ ತೆಗೆಸಿಕೊಂಡು ಹೋಗಿ ಒತ್ತಿ ಬಂದಿದ್ದಳು. ಕಾರ್ಡ್ ಇನ್ನೂ ಬಂದಿಲ್ಲ, ನೀವೇನಾದರೂ ತಂದಿರಾ ಎಂದಳು.

ಫೋನಿನಲ್ಲಿದ್ದ ಚೀಟಿಯನ್ನು ಓದಿ ಹೇಳಿದೆ.

ಕಟ್ಟೆಯ ಮೇಲಿದ್ದ ಹನುಮಂತ್ರಾಯ ಎದ್ದು ಒಳಗೆ ಬಂದ. ತಾರೀಖು ಇನ್ನೊಮ್ಮೆ ಓದಿರಿ ಎಂದ. ಇವತ್ತಿನದು ಎಂದೆ. ಅವನು ಗೋಡೆಗೆ ಒರಗಿ ಹಾಗೆಯೇ ಕುಕ್ಕರಿಸಿದ. ಆಮೇಲೆ ಬಾಯಿಪಾಠದ ನಾಲ್ಕು ಮಾತು ಬಿಟ್ಟು ಮೊದಲ ಸಲ ತನ್ನ ಮಾತು ಆಡಿದ.

ಮೂಕಮ್ಮನ ಹೆಸರಿನಲ್ಲೂ ಲೈಸೆನ್ಸ್ ಆಗಿದೆ ಎಂದು ಅವನಿಗೆ ಗೊತ್ತಾದದ್ದು ಎರಡು ತಿಂಗಳ ಹಿಂದೆ. ಸಾಹುಕಾರನ ಕಾಲು ಹಿಡಿದಿದ್ದ. ನೀನು ಬಾಯಿ ಮುಚ್ಚಿಕೊಂಡು ಐಪಿ ಹಾಕು, ಅವಳ ಹೆಸರು ತೆಗೆಸುತ್ತೇನೆ ಎಂದು ಶಿವರಾಜ ಮಾತು ಕೊಟ್ಟಿದ್ದ. ಹಾಗಾಗಿ ಹಾಕಿದ. ನೂರ ನಲವತ್ತು ಮನೆಯವರು ಎದುರಿಗೆ ಸಿಕ್ಕು ಉಗುಳಿದರೂ ಮುಖ ಒರೆಸಿಕೊಂಡು ಬಂದ. ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ.

ಮೂಕಮ್ಮ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಕೆಳಗಿಟ್ಟಳು. ಒಲೆಯ ಉರಿ ಹಿಂದಕ್ಕೆ ಎಳೆದಳು. ಗಂಡನನ್ನು ಒಮ್ಮೆ ನೋಡಿದಳು. ಆ ನೋಟ ನನ್ನ ಕಡೆ ಬಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ.

"ನನ್ನ ಹೆಸರು ಉಳಸಾಕ ನೀ ಕಳ್ಳ ಅನಿಸಿಕೊಂಡಿ," ಎಂದಳು. "ನನ್ನ ಒಂದ್ ಮಾತು ಕೇಳಿದ್ದೇನು?"

ಅವಳು ನನ್ನ ಕಡೆ ತಿರುಗಿದಳು.

"ಮೇಡಮ್ಮಾರ, ಕಾಗದದಾಗ ಇವತ್ತು ಆ ನೆಲ್ಲು ಕೊಂಡಾಕಿ ನಾನ ಹೌದಲ್ರೀ?"

"ಹೌದು."

"ಹಂಗಾರ ಆ ಮಿಲ್ಲಿನಾಗ ಇಳದದ್ದು ಯಾರ ನೆಲ್ಲು?"

ಹದಿನಾರು ವರ್ಷದ ವಕೀಲಿ, ಹನ್ನೊಂದು ದಿನದ ತನಿಖೆ, ಒಂದು ಕಪಾಟು ಕಾನೂನು ಪುಸ್ತಕ. ಇದು ನನಗೆ ಹೊಳೆದಿರಲಿಲ್ಲ.

ಶಿವರಾಜ ನನಗೆ ಎರಡೇ ದಾರಿ ತೋರಿಸಿದ್ದ. ಹನುಮಂತ್ರಾಯ ವ್ಯಾಪಾರಿ ಅಲ್ಲ ಎಂದರೆ ಜೈಲು, ಹೌದು ಎಂದರೆ ದಿವಾಳಿ. ಎರಡನೆಯದನ್ನು ಪೂರ್ತಿ ನಡೆದು ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಅವನು ವ್ಯಾಪಾರಿಯೇ ಆಗಿರಲಿ. ಹಾಗಾದರೆ ನೂರ ನಲವತ್ತು ಮನೆಯ ಭತ್ತ ಅವನದು. ಅವನ ಭತ್ತ ಹೋಗಿ ಬಿದ್ದದ್ದು ಶಿವರಾಜನ ಮಿಲ್ಲಿಗೆ. ಅದಕ್ಕೆ ಮಿಲ್ಲು ಅವನಿಗೆ ಒಂದು ಪೈಸೆ ಕೊಟ್ಟ ರಸೀದಿ ಎಲ್ಲಿಯೂ ಇಲ್ಲ. ಅಂದರೆ ಹನುಮಂತ್ರಾಯನ ಹತ್ತಿರ ಏನೂ ಇಲ್ಲ ಎನ್ನುವುದು ಸುಳ್ಳು. ಅವನಿಗೆ ಮಿಲ್ಲಿನಿಂದ ಬರಬೇಕಾದದ್ದು ಅವನು ಕೊಡಬೇಕಾದಷ್ಟೇ ಇದೆ. ಅಂಥವನು ದಿವಾಳಿಗೆ ಅರ್ಹನೇ ಅಲ್ಲ. ಅವನು ಕೋರ್ಟಿಗೆ ಮೋಸ ಮಾಡಿದವನೂ ಅಲ್ಲ, ತನಗೆ ಬರಬೇಕಾದದ್ದು ತನಗೇ ಗೊತ್ತಿಲ್ಲದವನು.

ಶಿವರಾಜ ತಾನೇ ಅಚ್ಚು ಹಾಕಿಸಿದ ಚೀಟಿಗಳಿಂದ ತಾನೇ ಸಾಲಗಾರನಾಗಿದ್ದ.

ಆದರೆ ಭತ್ತ ಆ ಮಿಲ್ಲಿಗೇ ಇಳಿಯುತ್ತಿದೆ ಎಂದು ನ್ಯಾಯಾಲಯ ಕಣ್ಣಾರೆ ಕಾಣಬೇಕು. ಹೋದ ವರ್ಷದ ಭತ್ತ ಅಕ್ಕಿಯಾಗಿ ಎಲ್ಲೋ ಹೋಗಿಬಿಟ್ಟಿದೆ. ಉಳಿದ ಸಾಕ್ಷಿ ಇವತ್ತು ಮೂಕಮ್ಮನ ಹೆಸರಿನಲ್ಲಿ ಇಳಿದದ್ದೊಂದೇ. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮನೆಗೇ ಹೋಗಿ ಮಿಲ್ಲಿನ ಗೋದಾಮಿಗೆ ಬೀಗ ಹಾಕುವ ಆದೇಶ ಕೇಳುತ್ತೇನೆ, ಅಲ್ಲಿಯವರೆಗೆ ಒಂದು ಚೀಲವೂ ಅಲುಗಬಾರದು ಎಂದೆ. ಇದನ್ನು ಹೇಳುತ್ತಿದ್ದಾಗಲೇ ಹನುಮಂತ್ರಾಯನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಹಳೆಯ ಗುಂಡಿಯ ಫೋನು. ಕಿವಿಗೆ ಹಿಡಿದರೂ ಮನೆಯವರಿಗೆಲ್ಲ ಕೇಳುವಂಥದ್ದು.

"ಲೇ ಹನುಮ್ಯಾ, ಎಲ್ಲಿ ಸತ್ತೀಯೋ?" ಎಂದಿತು ಶಿವರಾಜನ ದನಿ. ಕಾಗದದಲ್ಲಿ ಅದು ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯ ಜೊತೆ ಆಡಿದ ಮಾತು. "ಆ ವಕೀಲಿ ಹೆಣ್ಮಗಳು ಅಂಗಳದಾಗ ಚೀಟಿ ನೋಡಿ ಹೋಗ್ಯಾಳ. ನಾಕು ಲಾರಿ ಬಂದು ನಿಂತಾವ. ನಿನ್ನ ಗ್ಯಾಂಗ್ ಕರಕೊಂಡು ಈಗಿಂದೀಗ ಬಾ. ಇವತ್ತಿನ ನೆಲ್ಲು ಒಂದ್ ಚೀಲ ಇಲ್ಲಿ ಉಳಿಬಾರದು."

ತಪ್ಪು ನನ್ನದು. ಅವನ ಅಂಗಳದಲ್ಲಿ, ಅವನ ಗುಮಾಸ್ತನ ಕಣ್ಣೆದುರು, ನಾನೇ ಫೋಟೊ ಹೊಡೆದಿದ್ದೆ.

ಹನುಮಂತ್ರಾಯ ಆ ಗ್ಯಾಂಗಿನ ಮುಕಾದಮ. ಅವನು ಹೇಳಿದರೆ ಇಪ್ಪತ್ತೆರಡು ಹಮಾಲರು ಬರುತ್ತಾರೆ, ಬೇಡ ಅಂದರೆ ಒಬ್ಬನೂ ಚೀಲ ಮುಟ್ಟುವುದಿಲ್ಲ. ಇಡೀ ಮೊಕದ್ದಮೆ ಈಗ ಅವನ ನಾಲಗೆಯ ಮೇಲಿತ್ತು. ಅವನು ನನ್ನನ್ನು ನೋಡಿದ. ಹೆಂಡತಿಯನ್ನು ನೋಡಿದ. ಇಪ್ಪತ್ತು ವರ್ಷದಿಂದ ಆ ದನಿಗೆ ಒಂದೇ ಉತ್ತರ ಕೊಟ್ಟು ಅವನ ಬಾಯಿಗೆ ರೂಢಿಯಾಗಿತ್ತು.

"ಬಂದೆ ರೀ ಸಾಹುಕಾರ್ರ," ಎಂದ.

ಫೋನು ಜೇಬಿಗಿಟ್ಟು, ಗೋಡೆಯ ಮೊಳೆಗೆ ತೂಗು ಹಾಕಿದ್ದ ಚೀಲ ಎತ್ತುವ ಕೊಂಡಿ ತೆಗೆದುಕೊಂಡ. ನಾನು ಅವನ ತೋಳು ಹಿಡಿದೆ. ಹೋಗಬೇಡಿ ಎಂದೆ, ನಿಮಗೋಸ್ಕರವೇ ಇದೆಲ್ಲ ಎಂದೆ, ಇನ್ನೇನೇನೋ ಎಂದೆ. ಅವನು ಮೆಲ್ಲಗೆ ನನ್ನ ಕೈ ಬಿಡಿಸಿದ. ಚೀಲಗಳನ್ನು ಲಾರಿಗೆ ಹೊತ್ತು ಹಾಕಲು ಹೋಗುತ್ತಿದ್ದಾನೋ, ಗ್ಯಾಂಗನ್ನು ತಡೆಯಲು ಹೋಗುತ್ತಿದ್ದಾನೋ, ಆ ಮುಖದಲ್ಲಿ ನನಗೆ ಏನೂ ತಿಳಿಯಲಿಲ್ಲ.

ಮೂಕಮ್ಮ ಅವನನ್ನು ತಡೆಯಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನಿಗಿಂತ ಮೊದಲು ಹೊಸ್ತಿಲು ದಾಟಿ, ಓಣಿಯ ನಡುವೆ ನಿಂತು ತಿರುಗಿದಳು.

"ನಡಿ, ನಾನೂ ಬರ್ತೀನಿ," ಎಂದಳು. "ಆದರ ನನ್ನ ನೆಲ್ಲು ಮುಟ್ಟೂಕಿಂತ ಮೊದಲ ನನ್ನ ಕೇಳಬೇಕು. ನೀನೂ ಕೇಳಬೇಕು, ಅವನೂ ಕೇಳಬೇಕು."